ಪ್ರವಾಸದ ಬೈಕಿಗೆ ಯಾವ ಕ್ಯಾಮ್‌ಶಾಫ್ಟ್ ಸೂಕ್ತ?

ದೂರ ಪ್ರಯಾಣದ ಮೋಟಾರ್‌ಸೈಕಲ್‌ಗಳ ಪೈಕಿ ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಸಂಸ್ಥೆಯ ಟೂರಿಂಗ್ ಮಾದರಿಗಳಿಗೆ ವಿಶಿಷ್ಟ ಸ್ಥಾನವಿದೆ. 1999ರ ಮಾದರಿಗಳಲ್ಲಿ ಬಂದ 'ಟ್ವಿನ್ ಕ್ಯಾಮ್ 88' (1,450 ಸಿಸಿ) ಹಾಗೂ 2007ರ 'ಟ್ವಿನ್ ಕ್ಯಾಮ್ 96' (1,584 ಸಿಸಿ) ಎಂಜಿನ್ನಿನ ಬೈಕುಗಳು ಇಂದಿಗೂ ರಸ್ತೆಯಲ್ಲಿವೆ. ಇವುಗಳಿಂದ ಇನ್ನಷ್ಟು ಶಕ್ತಿ ಬಯಸುವ ಸವಾರರಲ್ಲಿ ಅನೇಕರು ಮೊದಲು ಬದಲಿಸುವುದು ಕ್ಯಾಮ್‌ಶಾಫ್ಟನ್ನು. ಆದರೆ ಆಯ್ಕೆ ತಪ್ಪಿದರೆ ಹಣ ವ್ಯರ್ಥವಾಗುವುದಲ್ಲದೆ ಬೈಕು ಮೊದಲಿಗಿಂತಲೂ ಮಂದವಾಗುವುದುಂಟು.

ಕ್ಯಾಮ್‌ಶಾಫ್ಟ್ ಎಂದರೇನು?

ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒಳಬಿಡುವ ಹಾಗೂ ಹೊಗೆಯನ್ನು ಹೊರಬಿಡುವ ವಾಲ್ವ್‌ಗಳು ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ನಿರ್ಧರಿಸುವ, ಉಬ್ಬುಗಳುಳ್ಳ ದಂಡವೇ ಕ್ಯಾಮ್‌ಶಾಫ್ಟ್. ಎತ್ತರಕ್ಕೆ ಲಿಫ್ಟ್ ಎಂದೂ, ಅವಧಿಗೆ ಡ್ಯುರೇಶನ್ ಎಂದೂ ಹೆಸರು. ಟ್ವಿನ್ ಕ್ಯಾಮ್ ಎಂಜಿನ್ನಿನಲ್ಲಿ ಇಂತಹ ಎರಡು ದಂಡಗಳಿವೆ. 2017ರ ಮಾದರಿಗಳಿಂದ ಬಂದ 'ಮಿಲ್ವಾಕೀ-ಎಯ್ಟ್' ಎಂಜಿನ್ನಿನಲ್ಲಿ ಇರುವುದು ಒಂದೇ.

ಅಶ್ವಶಕ್ತಿಯೋ, ಟಾರ್ಕೋ?

ಜಾಹೀರಾತುಗಳು ಗರಿಷ್ಠ ಅಶ್ವಶಕ್ತಿಯನ್ನು ಎತ್ತಿ ತೋರಿಸುತ್ತವೆ. ಈ ಎಂಜಿನ್ನುಗಳಲ್ಲಿ ಅದು ದೊರೆಯುವುದು ನಿಮಿಷಕ್ಕೆ ಸುಮಾರು 5,000 ಸುತ್ತುಗಳ ಆಸುಪಾಸಿನಲ್ಲಿ. ಹಿಂಬದಿ ಸವಾರ ಹಾಗೂ ಸಾಮಾನು ಸಹಿತ ಹೆದ್ದಾರಿಯಲ್ಲಿ ಸಾಗುವ ಬೈಕಿನ ಎಂಜಿನ್ ಬಹುಪಾಲು ಹೊತ್ತು 2,000ದಿಂದ 3,500 ಸುತ್ತುಗಳ ನಡುವೆ ಇರುತ್ತದೆ. ಲಾರಿಯನ್ನು ಹಿಂದಿಕ್ಕಲು, ಘಟ್ಟ ಏರಲು ನೆರವಾಗುವುದು ಈ ವ್ಯಾಪ್ತಿಯಲ್ಲಿ ಸಿಗುವ ಟಾರ್ಕ್. ಆದ್ದರಿಂದ ಆಯ್ಕೆಗೆ ಮುನ್ನ ಟಾರ್ಕ್ ನಕ್ಷೆಯ ಎಡಭಾಗವನ್ನು ಪರಿಶೀಲಿಸತಕ್ಕದ್ದು.

ನಿರ್ಣಾಯಕ ಅಂಕಿ

ಕ್ಯಾಮ್‌ನ ವಿವರಪಟ್ಟಿಯಲ್ಲಿ ಮುಖ್ಯವಾಗಿ ನೋಡಬೇಕಾದುದು ಇನ್‌ಟೇಕ್ ವಾಲ್ವ್ ಮುಚ್ಚುವ ಡಿಗ್ರಿ. ಪಿಸ್ಟನ್ ಕೆಳತುದಿ ಮುಟ್ಟಿ ಮೇಲೇರತೊಡಗಿದ ಮೇಲೂ ಈ ವಾಲ್ವ್ ಕೊಂಚ ಹೊತ್ತು ತೆರೆದಿರುತ್ತದೆ. ಅದು ತೀರಾ ತಡವಾಗಿ ಮುಚ್ಚಿದರೆ, ಎಂಜಿನ್ ನಿಧಾನವಾಗಿ ತಿರುಗುವಾಗ ಮಿಶ್ರಣದ ಒಂದಂಶ ಹಿಂದಕ್ಕೆ ತಳ್ಳಲ್ಪಟ್ಟು ಒತ್ತಡ ಕುಗ್ಗುತ್ತದೆ. ಕಂಪ್ರೆಷನ್ ಅನುಪಾತ 9:1ರ ಆಸುಪಾಸಿನಲ್ಲಿರುವ ಮೂಲ ಎಂಜಿನ್ನಿಗೆ 30ರಿಂದ 40 ಡಿಗ್ರಿಯೊಳಗೆ ಮುಚ್ಚುವ ಕ್ಯಾಮ್ ಸಾಮಾನ್ಯವಾಗಿ ಹೊಂದುತ್ತದೆ. ಅತಿ ಬೇಗ ಮುಚ್ಚಿದರೆ ಒತ್ತಡ ಹೆಚ್ಚಿ, ಬೇಸಿಗೆಯಲ್ಲಿ ಭಾರ ಹೊತ್ತ ಎಂಜಿನ್ ಬಡಿಯತೊಡಗುವ ಅಪಾಯವಿದೆ.

ಲಿಫ್ಟ್ ಕೂಡ ಮೂಲ ವಾಲ್ವ್ ಸ್ಪ್ರಿಂಗ್‌ಗಳ ಮಿತಿಯೊಳಗಿರಬೇಕು. ಮೀರಿದರೆ ಸ್ಪ್ರಿಂಗ್ ಬದಲಿಸಲು ಹೆಡ್ ಬಿಚ್ಚುವ ಖರ್ಚು ಬೀಳುತ್ತದೆ.

ಮುಚ್ಚಳ ತೆಗೆದಾಗ ಮರೆಯಬಾರದ ಕೆಲಸ

1999ರಿಂದ 2006ರವರೆಗಿನ ಟೂರಿಂಗ್ ಬೈಕುಗಳಲ್ಲಿ ಕ್ಯಾಮ್ ಚೈನನ್ನು ಬಿಗಿಹಿಡಿಯುವುದು ಸ್ಪ್ರಿಂಗ್ ಒತ್ತಡದ ಪ್ಲಾಸ್ಟಿಕ್ ತುಂಡು. ಇದು ಸವೆದು ಚೂರುಗಳು ಎಣ್ಣೆಯಲ್ಲಿ ಸೇರಿದರೆ ಆಯಿಲ್ ಪಂಪ್ ಕೆಟ್ಟು ಎಂಜಿನ್ನಿಗೇ ಕುತ್ತು ಬರುತ್ತದೆ. ಹಾಗಾಗಿ ಹಳೆಯ ಬೈಕಿನಲ್ಲಿ ಶಕ್ತಿವರ್ಧನೆಗಿಂತ ಈ ತಪಾಸಣೆಯೇ ಮೊದಲು. 2007ರಿಂದ ಟೂರಿಂಗ್ ಮಾದರಿಗಳಲ್ಲಿ ಹೈಡ್ರಾಲಿಕ್ ವ್ಯವಸ್ಥೆ ಬಂದಿತು. ಒಳಬದಿಯ ಕ್ಯಾಮ್ ಬೇರಿಂಗ್, ಲಿಫ್ಟರ್ ಹಾಗೂ ಗ್ಯಾಸ್ಕೆಟ್‌ಗಳನ್ನು ಇದೇ ವೇಳೆ ಬದಲಿಸುವುದು ಮಿತವ್ಯಯಕರ. ಬಳಿಕ ಇಂಧನ ಹಾಗೂ ಇಗ್ನಿಷನ್ ಹೊಂದಾಣಿಕೆ ಅಗತ್ಯ.

ಕಾನೂನಿನ ಮಿತಿ

ಈ ಬೈಕುಗಳು 2010ರಿಂದ ಭಾರತದಲ್ಲಿಯೂ ಮಾರಾಟಗೊಂಡಿವೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಂ ನೋಂದಣಿ ಪತ್ರದ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಕ್ಯಾಮ್ ಜೊತೆಗೆ ಎಂಜಿನ್ ಸಾಮರ್ಥ್ಯವನ್ನೂ ಹಿಗ್ಗಿಸಲು ಹೊರಟವರು ಇದನ್ನು ಗಮನಿಸಬೇಕು. ಹೊಗೆ ತಪಾಸಣೆಯ ಮಿತಿಯೂ ಮೀರಬಾರದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಒಪ್ಪುತ್ತದೆ. ಎಂಜಿನ್ನಿನ ಕಂಪ್ರೆಷನ್, ಹೊರುವ ಭಾರ, ಸಾಗುವ ವೇಗ ಇವು ಮೂರನ್ನೂ ಅಳೆದು ಆರಿಸಿದ ಸಾಧಾರಣ ಕ್ಯಾಮ್, ದೊಡ್ಡ ಅಂಕಿಯ ದುಬಾರಿ ಕ್ಯಾಮ್‌ಗಿಂತ ಪ್ರವಾಸಿಗೆ ಮೇಲು.