ಡಿಸ್ಟಿಲರಿ ಕೈ ಬದಲಾದರೆ ಪೀಪಾಯಿಯಲ್ಲಿನ ವಿಸ್ಕಿ ಯಾರ ಪಾಲು?

ಇಟಿಕ್ಯಾಲ: ಮದ್ಯದ ಕಂಪನಿ ಮಾರಾಟವಾದ ಸುದ್ದಿ ಆಗಾಗ ಬರುತ್ತಿರುತ್ತದೆ. ಆದರೆ ಇನ್ನೂ ಅಂಗಡಿಗೆ ಬಾರದೆ ಗೋದಾಮಿನಲ್ಲಿ ಮಾಗುತ್ತಿರುವ ವಿಸ್ಕಿಯ ಗತಿ ಏನು? ಕಂಪನಿಯ ಷೇರುಗಳನ್ನೇ ಕೊಂಡರೆ ದಾಸ್ತಾನು ಕಂಪನಿಯ ಜೊತೆಗೇ ಹೋಗುತ್ತದೆ. ಕಟ್ಟಡ, ದಾಸ್ತಾನು, ಬ್ರ್ಯಾಂಡ್ ಹೆಸರುಗಳನ್ನು ಬಿಡಿಬಿಡಿಯಾಗಿ ಮಾರಿದರೆ ಒಪ್ಪಂದದಲ್ಲಿ ಬರೆದಂತೆ ಹಂಚಿಕೆ. ಪೀಪಾಯಿ ಸಿಕ್ಕವರಿಗೆಲ್ಲ ಹೆಸರೂ ಸಿಗುತ್ತದೆ ಎಂದೇನಿಲ್ಲ.

ಬೆಂಗಳೂರಿನ ಉದಾಹರಣೆ

ವಿಜಯ್ ಮಲ್ಯ ಅವರ ಯುನೈಟೆಡ್ ಸ್ಪಿರಿಟ್ಸ್ 2007ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ವೈಟ್ ಅಂಡ್ ಮೆಕೇ ಕಂಪನಿಯನ್ನು 59.5 ಕೋಟಿ ಪೌಂಡಿಗೆ ಕೊಂಡಿತು. ಡಾಲ್ಮೋರ್, ಜುರಾ ಡಿಸ್ಟಿಲರಿಗಳೊಂದಿಗೆ ಮಾಗುತ್ತಿದ್ದ ದಾಸ್ತಾನೂ ಬಂತು. ಮುಂದೆ ಯುನೈಟೆಡ್ ಸ್ಪಿರಿಟ್ಸ್ ಬ್ರಿಟನ್ನಿನ ಡಿಯಾಜಿಯೊ ಹಿಡಿತಕ್ಕೆ ಹೋಯಿತು. ಎರಡೂ ಸ್ಕಾಚ್ ಕಂಪನಿಗಳು ಒಬ್ಬರ ಕೈಗೆ ಸೇರುವುದಕ್ಕೆ ಅಲ್ಲಿನ ಸ್ಪರ್ಧಾ ನಿಯಂತ್ರಕರು ಆಕ್ಷೇಪಿಸಿದರು. 2014ರ ಅಕ್ಟೋಬರಿನಲ್ಲಿ ವೈಟ್ ಅಂಡ್ ಮೆಕೇ 43 ಕೋಟಿ ಪೌಂಡಿಗೆ ಫಿಲಿಪ್ಪೀನ್ಸ್‌ನ ಎಂಪೆರಡಾರ್ ಪಾಲಾಯಿತು.

ಒಡೆತನ ಏಳು ವರ್ಷದಲ್ಲಿ ಎರಡು ದೇಶ ಸುತ್ತಿದರೂ ಮಾಗುವ ಪೀಪಾಯಿಗಳು ಸ್ಕಾಟ್ಲೆಂಡಿನಲ್ಲೇ ಉಳಿದವು. ಅಲ್ಲಿಯೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿದರೆ ಮಾತ್ರ ಅದು ಸ್ಕಾಚ್.

ವಯಸ್ಸು ಬದಲಾಗದು

ಮಾಲೀಕರು ಬದಲಾದರೂ ವಿಸ್ಕಿಯ ವಯಸ್ಸನ್ನು ಪೀಪಾಯಿಗೆ ತುಂಬಿದ ದಿನದಿಂದಲೇ ಎಣಿಸುತ್ತಾರೆ. ಸ್ಕಾಟ್ಲೆಂಡಿನ ಪೋರ್ಟ್ ಎಲೆನ್ ಡಿಸ್ಟಿಲರಿ 1983ರಲ್ಲಿ ಮುಚ್ಚಿತು. ಅದರ ಒಡೆಯ ಕಂಪನಿಯನ್ನು 1986ರಲ್ಲಿ ಗಿನ್ನೆಸ್ ಕೊಂಡಿತು. 1997ರಲ್ಲಿ ಗಿನ್ನೆಸ್ ವಿಲೀನಗೊಂಡು ಡಿಯಾಜಿಯೊ ಆಯಿತು. 1979ರ ಮದ್ಯವನ್ನು 2001ರಲ್ಲಿ 22 ವರ್ಷದ ವಿಸ್ಕಿಯಾಗಿ ಬಿಡುಗಡೆ ಮಾಡಿದ್ದು ಡಿಯಾಜಿಯೊ.

ನಮ್ಮ ಬಿಸಿಲಿನ ಲೆಕ್ಕ

ನಮ್ಮಲ್ಲಿ ಅಷ್ಟು ಕಾಲ ಕಾಯಲಾಗದು. ಪೀಪಾಯಿಯಿಂದ ಆವಿಯಾಗುವ ಪ್ರಮಾಣ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನಲ್ಲಿ ಶೇ. 10ಕ್ಕೂ ಹೆಚ್ಚು. ಶೇ. 10ರಂತೆ ಹಿಡಿದರೂ 200 ಲೀಟರಿನಲ್ಲಿ ಐದು ವರ್ಷಕ್ಕೆ ಉಳಿಯುವುದು ಸುಮಾರು 118 ಲೀಟರ್. ಶೇ. 2ರಂತೆ ಆದರೆ 181 ಲೀಟರ್. ಮಾರಾಟದ ವ್ಯವಹಾರ ಕೋರ್ಟು, ಕಚೇರಿಗಳಲ್ಲಿ ಎಳೆದಷ್ಟೂ ಕೊಳ್ಳುವವರಿಗೆ ಸಿಗುವ ಮಾಲು ಕಡಿಮೆ.

ಗಡಿಯವರು ತಿಳಿಯಬೇಕಾದ್ದು

ಬ್ರ್ಯಾಂಡ್‌ಗಳೂ ಕೈ ಬದಲಾಗುತ್ತವೆ. ಹೇವರ್ಡ್ಸ್, ಓಲ್ಡ್ ಟಾವರ್ನ್ ಸೇರಿ 32 ಬ್ರ್ಯಾಂಡ್‌ಗಳನ್ನು ಯುನೈಟೆಡ್ ಸ್ಪಿರಿಟ್ಸ್ 2022ರಲ್ಲಿ ಇನ್‌ಬ್ರೂ ಕಂಪನಿಗೆ ಮಾರಿತು. ಕಂಪನಿ ಯಾರದೇ ಆಗಲಿ, ಪ್ರತಿ ರಾಜ್ಯದಲ್ಲೂ ಲೇಬಲ್‌ಗೆ ಅಬಕಾರಿ ಇಲಾಖೆಯ ಒಪ್ಪಿಗೆ ಬೇಕು. ಕರ್ನಾಟಕದಲ್ಲೂ ತೆಲಂಗಾಣದಲ್ಲೂ ಅಂಗಡಿಗಳಿಗೆ ಮಾಲು ಬರುವುದು ಸರ್ಕಾರಿ ನಿಗಮದ ಮೂಲಕವೇ. ಆದ್ದರಿಂದ ರಾಯಚೂರು ಕಡೆಗೆಂದು ತುಂಬಿದ ಬಾಟಲಿಯನ್ನು ಹಳೆಯ ದಾಸ್ತಾನು ಎಂದು ಹೇಳಿ ಗದ್ವಾಲ ಕಡೆ ಅಗ್ಗಕ್ಕೆ ಮಾರುವಂತಿಲ್ಲ. ಹಾಗೆ ಮಾರಿದರೆ ಅದು ಅಬಕಾರಿ ಅಪರಾಧ.