ಹೆಳವರ ಪುಸ್ತಕದಿಂದ ಮನೆಯ ಆಲ್ಬಮ್ಮಿನವರೆಗೆ

ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ, ಗಂಟೆ ಬಾರಿಸುತ್ತ ಬರುವ ಹೆಳವರು ನಮ್ಮ ಒಕ್ಕಲು ಮನೆಗಳಿಗೆ ಹೊಸಬರಲ್ಲ. ಅಂಗಳದಲ್ಲಿ ನಿಂತು ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳುತ್ತಾರೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ಹಣ ಪಡೆದು ಮುಂದಿನ ಊರಿಗೆ ಹೊರಡುತ್ತಾರೆ. ಮನೆತನ ಯಾವ ಊರಿಂದ ಎದ್ದು ಬಂತು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು ಎಂಬುದೂ ಅವರ ಬಾಯಲ್ಲಿರುತ್ತದೆ. ವಂಶದ ಚರಿತ್ರೆ ಹುಡುಕುವುದು ಅಮೆರಿಕದಿಂದ ಬಂದ ಹವ್ಯಾಸ ಎನ್ನುವವರು ಹೆಳವರನ್ನು ಕಂಡಿಲ್ಲ, ಅಷ್ಟೆ. ಆದರೆ ಅವರ ವಂಶಾವಳಿ ಬಹುಮಟ್ಟಿಗೆ ಗಂಡಸರದ್ದು. ಮಗಳು ಗಂಡನ ಮನೆಗೆ ಹೋದಳೆಂದರೆ ಈ ಪುಸ್ತಕದಿಂದಲೂ ಹೋದ ಹಾಗೆಯೇ.

ಹೀಗೆ ಕೆಲವರನ್ನು ಬಿಟ್ಟುಬಿಡುವ ಊನ ಉಳಿದ ದಾಖಲೆಗಳಿಗೂ ತಪ್ಪಿದ್ದಲ್ಲ. ಬಿ.ಎಲ್. ರೈಸ್ 1886ರಿಂದ 1905ರ ನಡುವೆ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ಅರಸರ, ದಂಡನಾಯಕರ, ದತ್ತಿ ಪಡೆದವರ ವಂಶಾವಳಿ ಧಾರಾಳವಾಗಿ ಸಿಗುತ್ತದೆ. ಸಾಮಾನ್ಯ ಒಕ್ಕಲಿಗ ಅಲ್ಲಿ ಕಾಣಿಸಿಕೊಳ್ಳಬೇಕಾದರೆ ತುರು ಬಿಡಿಸಲು ಹೋಗಿ ಸತ್ತು ವೀರಗಲ್ಲು ಸೇರಿರಬೇಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಬಂದ ಕಾಲಿನ್ ಮೆಕೆಂಜಿ ತನ್ನ ಸಹಾಯಕರ ಮೂಲಕ ಊರೂರಿನ ಕೈಫಿಯತ್ತು, ಅಂದರೆ ಸ್ಥಳೀಯ ವೃತ್ತಾಂತ, ಬರೆಸಿದ. ಪಾಳೆಯಗಾರರ ಮನೆತನಗಳ ಬಗ್ಗೆ ಕೆಲಸ ಮಾಡುವವರು ಇಂದಿಗೂ ಮೊದಲು ಅವುಗಳನ್ನೇ ತೆರೆಯುತ್ತಾರೆ.

ಸಾಮಾನ್ಯರ ಹೆಸರು ಹೆಚ್ಚಾಗಿ ಇದ್ದದ್ದು ಶ್ಯಾನುಭೋಗರ ಮನೆಯಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆದ ಕಡತಗಳಲ್ಲಿ ಯಾರ ಹೊಲ, ಎಷ್ಟು ಕಂದಾಯ, ಸತ್ತ ಮೇಲೆ ಯಾರ ಹೆಸರಿಗೆ ಎಂಬುದೆಲ್ಲ ಇತ್ತು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದ ಮೇಲೆ ಎಷ್ಟೋ ಕಡತಗಳು ಅಟ್ಟ ಸೇರಿದವು, ಅಲ್ಲಿಂದ ಗೆದ್ದಲಿನ ಪಾಲಾದವು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಂತೂ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿವೆ. ಮುತ್ತಜ್ಜನ ಸಹಿಯನ್ನು ಮರಿಮಗ ಕೈಯಲ್ಲಿ ಹಿಡಿದಿದ್ದರೂ ಓದಲಾರ.

ಕರಾವಳಿಯ ಕ್ರೈಸ್ತ ಮನೆತನಗಳಿಗೆ ಜ್ಞಾನಸ್ನಾನದ, ಮದುವೆಯ, ಮರಣದ ರಿಜಿಸ್ಟರುಗಳ ಆಸರೆಯಿದೆ. ಅಲ್ಲಿ ತಾಯಿಯ ಹೆಸರನ್ನೂ ಬರೆಯುತ್ತಾರೆ. ಆದರೆ 1784ರಲ್ಲಿ ಮಂಗಳೂರಿನ ಕ್ಯಾಥೊಲಿಕರನ್ನು ಟಿಪ್ಪು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಇಗರ್ಜಿಗಳನ್ನು ಕೆಡವಿಸಿದ್ದರಿಂದ ಅದಕ್ಕೂ ಹಿಂದಿನ ಎಳೆ ಹಿಡಿಯುವುದು ಕಷ್ಟ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಬರವಣಿಗೆಯ ಜೊತೆಗೆ ಕ್ರಮೇಣ ಫೋಟೋಗಳನ್ನೂ ಕೂಡಿಸಿತು. ಅದರ ಚಿತ್ರಸಂಗ್ರಹ ಇಂದು ಅಂತರಜಾಲದಲ್ಲಿದೆ.

ಇನ್ನು ಸರ್ಕಾರದ ಎಣಿಕೆಗಳು. 1871-72ರಿಂದ ಜನಗಣತಿ ನಡೆದಿದೆ, ಆದರೆ ಇಂಗ್ಲೆಂಡಿನಲ್ಲಿ ಸಿಗುವಂತೆ ಮನೆಮನೆಯ ಹಳೆಯ ಹೆಸರುಪಟ್ಟಿ ಇಲ್ಲಿ ಸಿಗುವುದಿಲ್ಲ, ಉಳಿದದ್ದು ಮೊತ್ತಗಳು. ಶಾಲೆಯ ದಾಖಲಾತಿ ಪುಸ್ತಕ ನೋಡಿದರೆ ಅರ್ಧ ಊರು ಜೂನ್ 1ರಂದು ಹುಟ್ಟಿದಂತೆ ಕಾಣುತ್ತದೆ. ಆ ತಾರೀಖು ಮೇಷ್ಟ್ರ ಕೃಪೆ! ಮೊದಲ ಮಹಾಚುನಾವಣೆಯ ಹೊತ್ತಿಗೆ ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಮತದಾರರ ಪಟ್ಟಿಯಿಂದ ಕೈಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು ನಿಜ, ಆದರೆ ಗಂಡನ ಹೆಸರಿನ ಹಿಂದೆ ನಿಲ್ಲುವ ರೂಢಿ ನಮಗೇನೂ ಅಪರಿಚಿತವಲ್ಲ.

ಹೀಗೆ ದಾಖಲೆಗಳಲ್ಲಿ ಮರೆಯಾದ ಹೆಂಗಸರು ಮುಖ ತೋರಿಸಿದ್ದು ಫೋಟೋದಲ್ಲಿ. ಅದೂ ತಕ್ಷಣವೇನಲ್ಲ. ಲಿನಿಯಸ್ ಟ್ರೈಪ್ 1854ರಲ್ಲಿ ಮೈಸೂರು ಸೀಮೆಗೆ ಕ್ಯಾಮೆರಾ ಹೊತ್ತು ಬಂದಾಗ ತೆಗೆದದ್ದು ಹಳೇಬೀಡಿನಂಥ ಕಡೆಯ ಗುಡಿಗಳನ್ನು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ಜನರಿದ್ದಾರೆ, ಆದರೆ ಬಹುಪಾಲು ಜಾತಿಯ, ಬುಡಕಟ್ಟಿನ ಮಾದರಿಗಳಾಗಿ. ಮನೆಯವರು ತಮಗಾಗಿ ಫೋಟೋ ತೆಗೆಸಿಕೊಳ್ಳುವ ರೂಢಿ ಊರೂರಿಗೆ ಹಬ್ಬಿದ್ದು ಸ್ಟುಡಿಯೋಗಳು ಬಂದ ಮೇಲೆ.

ಅಂಥ ಒಂದು ಚಿತ್ರವನ್ನು ಓದುವ ಬಗೆ ಹೀಗೆ. ಮೈಸೂರು ಪೇಟ, ಮುಚ್ಚುಗೊರಳ ಕೋಟು ತೊಟ್ಟ ಯಜಮಾನ ಕುರ್ಚಿಯಲ್ಲಿದ್ದಾನೆ. ಹೆಂಡತಿ ಪಕ್ಕದಲ್ಲಿ ನಿಂತಿದ್ದಾಳೆ, ಕೈ ಕುರ್ಚಿಯ ಬೆನ್ನಿನ ಮೇಲೆ. ಹಿಂದೆ ಪರದೆಯಲ್ಲಿ ಬರೆದ ಕಂಬ, ಮೆಟ್ಟಿಲು. ಸಣ್ಣ ಮೇಜಿನ ಮೇಲೆ ಹೂದಾನಿ, ಪುಸ್ತಕ. ಇವನ್ನು ನೋಡಿ ಮನೆಯ ಸಿರಿತನ ಅಳೆಯಹೋದರೆ ಎಡವಿದಂತೆ: ಪರದೆ ಸ್ಟುಡಿಯೋದ್ದು, ಎಷ್ಟೋ ಸಲ ಕೋಟೂ ಸ್ಟುಡಿಯೋದ್ದೇ. ನಂಬಬಹುದಾದದ್ದು ಒಡವೆ, ಸೀರೆ ಉಟ್ಟ ರೀತಿ, ರವಿಕೆಯ ತೋಳು, ಮತ್ತು ಮುಖ್ಯವಾಗಿ ಕಾಗದ. ಮೊಟ್ಟೆಯ ಬಿಳಿ ಲೋಳೆ ಬಳಿದ ತೆಳು ಆಲ್ಬುಮೆನ್ ಕಾಗದವನ್ನು ರಟ್ಟಿಗೆ ಅಂಟಿಸಿದ್ದರೆ ಅದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ್ದು ಎನ್ನಬಹುದು. ಕಪ್ಪು ಭಾಗಗಳ ಅಂಚಿನಲ್ಲಿ ಬೆಳ್ಳಿಯ ಹೊಳಪು ಎದ್ದಿದ್ದರೆ ಸಾಮಾನ್ಯವಾಗಿ ಅದರ ನಂತರ ಬಂದ ಜೆಲಟಿನ್ ಪ್ರಿಂಟು.

ಜಾತಕಕ್ಕೂ ಫೋಟೋಕ್ಕೂ ಇಲ್ಲಿ ಒಳ್ಳೆಯ ಜೋಡಿ. ಅಜ್ಜಿ ಪ್ರಭವ ಸಂವತ್ಸರದಲ್ಲಿ ಹುಟ್ಟಿದಳು ಎಂದಿದ್ದು ಶಕವರ್ಷ ಬರೆಯದಿದ್ದರೆ ಅದು 1867 ಆಗಬಹುದು, 1927 ಆಗಬಹುದು. ಅರವತ್ತು ವರ್ಷದ ಚಕ್ರವಲ್ಲವೇ? ಅವಳ ಮದುವೆಯ ಚಿತ್ರ ಯಾವ ಕಾಗದದ್ದು ಎಂದು ನೋಡಿದರೆ ತಕರಾರು ಮುಗಿಯಿತು. ಲಗ್ನಪತ್ರಿಕೆಯೊಂದು ಸಿಕ್ಕರಂತೂ ಎರಡೂ ಕಡೆಯ ಅಜ್ಜಂದಿರು ತಾವಾಗಿಯೇ ಬಂದು ಕೂರುತ್ತಾರೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಹೈಸ್ಕೂಲಿನ ಗ್ರೂಪ್ ಫೋಟೋ. ನಿಂತವರು, ಕುಳಿತವರು ಎಂದು ಸಾಲುಸಾಲಾಗಿ ಹೆಸರು ಅಚ್ಚಾಗಿರುವ ಚಿತ್ರ ನಮ್ಮಲ್ಲಿ ಅದೊಂದೇ ಇರಬೇಕು. ಹುಡುಗಿಯರು ಆ ಸಾಲುಗಳಿಗೆ ಬಂದದ್ದು ತಡವಾಗಿ. ಬದುಕಿರುವಾಗ ಕ್ಯಾಮೆರಾ ಕಾಣದೆ, ಸತ್ತ ಮೇಲೆ ಹಾರ ಹಾಕಿ ಕೂರಿಸಿ ತೆಗೆದ ಒಂದೇ ಚಿತ್ರದಲ್ಲಿ ಉಳಿದ ಮುತ್ತಜ್ಜಿಯರು ಎಷ್ಟೋ ಮನೆಗಳ ಗೋಡೆಯ ಮೇಲಿದ್ದಾರೆ.

ಹೆಣ್ಣುಮಕ್ಕಳ ಹೆಸರು ವಂಶಾವಳಿಗೆ ಬಂದದ್ದು ಸಂಶೋಧಕರ ಒಳ್ಳೆಯ ಮನಸ್ಸಿನಿಂದಲ್ಲ, ಆಸ್ತಿಯ ಕಾನೂನಿನಿಂದ. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು (ಆಗಲೇ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು), ದೇಶಕ್ಕೆಲ್ಲ 2005ರಲ್ಲಿ. ಪೌತಿ ಖಾತೆಗೆ ಅರ್ಜಿ ಹಾಕುವವರು ಕೊಡಬೇಕಾದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟರೆ ಈಗ ಕೋರ್ಟಿನ ಬಾಗಿಲು ತೆರೆದೇ ಇದೆ. ನನ್ನ ಮಟ್ಟಿಗೆ, ಮುಂದಿನ ತಲೆಮಾರಿನ ಸಂಶೋಧಕರಿಗೆ ನಾಡಕಚೇರಿಯ ಈ ಹಾಳೆ ಯಾವ ತಾಮ್ರಶಾಸನಕ್ಕೂ ಕಡಿಮೆಯಲ್ಲ.

ಈಚಿನ ಬೆಳವಣಿಗೆ ಎಲ್ಲರ ಕಣ್ಣ ಮುಂದಿದೆ. ಪಹಣಿಯನ್ನು ‘ಭೂಮಿ’ ಯೋಜನೆ ಕಂಪ್ಯೂಟರಿಗೆ ಏರಿಸಿ ಎರಡು ದಶಕ ದಾಟಿದೆ. ತಾಲ್ಲೂಕು ಕಚೇರಿಗಳ ಹಳೆಯ ರೆಕಾರ್ಡುಗಳೂ ಸ್ಕ್ಯಾನ್ ಆಗುತ್ತಿವೆ. ಅನುಷಾ ಯಾದವ್ 2010ರಲ್ಲಿ ಆರಂಭಿಸಿದ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಮನೆಮನೆಯ ಫೋಟೋಗಳನ್ನು ಅವುಗಳ ಕಥೆಯ ಸಮೇತ ಪ್ರಕಟಿಸಿ, ಆಲ್ಬಮ್ಮೂ ಚರಿತ್ರೆಯ ಆಕರವೇ ಎಂದು ತೋರಿಸಿತು. 2021ರಲ್ಲಿ ಮೈಹೆರಿಟೇಜ್ ಎಂಬ ವಂಶಾವಳಿಯ ಜಾಲತಾಣ ಹಳೆಯ ಚಿತ್ರಗಳು ಕಣ್ಣು ಮಿಟುಕಿಸುವಂತೆ ಮಾಡಿತು. ಅಲ್ಲಿಂದೀಚೆಗೆ ಕುಟುಂಬದ ವಾಟ್ಸ್ಆಪ್ ಗುಂಪುಗಳಲ್ಲಿ ತಾತಂದಿರು ಬಣ್ಣ ಪಡೆದು ನಗುತ್ತಿದ್ದಾರೆ. ಆದರೆ ಮಾಸಿದ ಮೂಗನ್ನು ತಂತ್ರಾಂಶ ತುಂಬುವುದು ಊಹೆಯಿಂದ. ಮೂಗುಬೊಟ್ಟು ಎಡಕ್ಕಿತ್ತೋ ಬಲಕ್ಕಿತ್ತೋ ಅದಕ್ಕೇನು ಗೊತ್ತು? ಮನೆತನ ಗುರುತಿಸಲು ಕೆಲವೊಮ್ಮೆ ಬೇಕಾಗುವುದು ಅದೇ. ತಿದ್ದಿದ ಪ್ರತಿ ಎಷ್ಟೇ ಚೆಂದವಿರಲಿ, ಮೂಲವನ್ನು ತಿದ್ದದೆ, ಎರಡೂ ಬದಿ ಸ್ಕ್ಯಾನ್ ಮಾಡಿಡಬೇಕು. ಸ್ಟುಡಿಯೋದ ಮೊಹರು, ಪೆನ್ಸಿಲಿನ ತಾರೀಖು, ಒಮ್ಮೊಮ್ಮೆ ಆ ಹೆಂಗಸಿನ ಹೆಸರು, ಎಲ್ಲ ಇರುವುದು ಹಿಂಬದಿಯಲ್ಲಿ.