ಗ್ರಹಣದ ದಿನ ಬರೆಸಿದ ಕಲ್ಲು

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ ಅಂತ ರಾಜ್ಯದ ಎಷ್ಟೋ ದೇವಸ್ಥಾನಗಳ ಬಾಗಿಲು ಹಾಕಿದ್ದರು. ಸಾವಿರ ವರ್ಷದ ಹಿಂದೆ ಇಂಥ ದಿನವೇ ದೇವಸ್ಥಾನಕ್ಕೆ ಜಮೀನು ಬರೆದುಕೊಡುತ್ತಿದ್ದರು.

ಗ್ರಹಣಕಾಲದಲ್ಲಿ ಕೊಟ್ಟ ದಾನಕ್ಕೆ ಪುಣ್ಯ ಹೆಚ್ಚು ಎಂಬ ನಂಬಿಕೆ ಅದು. ಚಾಲುಕ್ಯರ, ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಶಕವರ್ಷ, ತಿಂಗಳು, ಹುಣ್ಣಿಮೆ, ವಾರದ ಜೊತೆಗೆ ‘ಸೋಮಗ್ರಹಣ’ ಎಂಬ ಪದ ಆಗಾಗ ಸಿಗುತ್ತದೆ. ಸೋಮ ಅಂದರೆ ಚಂದ್ರ. ಆಮೇಲೆ ಯಾರಿಗೆ ಎಷ್ಟು ಭೂಮಿ, ಅದರ ಎಲ್ಲೆ ಎಲ್ಲಿ ಎಂಬ ವಿವರ.

ಇತಿಹಾಸಕಾರರಿಗೆ ಈ ಒಂದು ಪದ ದೊಡ್ಡ ಸಾಕ್ಷಿ. ಭೂಮಿಯ ನೆರಳು ಚಂದ್ರನನ್ನು ಮುಚ್ಚುವುದೇ ಗ್ರಹಣ ಎಂದು ಆರ್ಯಭಟ ಸುಮಾರು 1,500 ವರ್ಷದ ಹಿಂದೆಯೇ ಬರೆದಿದ್ದ. ನೆರಳಿನ ಆಟವಾದ್ದರಿಂದ ಹಿಂದಿನ ಗ್ರಹಣಗಳನ್ನೂ ಲೆಕ್ಕ ಹಾಕಬಹುದು. 1898ರಲ್ಲಿ ರಾಬರ್ಟ್ ಸೆವೆಲ್ ಭಾರತದ ಹಳೆಯ ಚಂದ್ರಗ್ರಹಣಗಳ ಬಗ್ಗೆ ಪುಸ್ತಕವನ್ನೇ ತಂದರು. ಕಲ್ಲಿನ ತಾರೀಕಿಗೆ ಗ್ರಹಣ ಹೊಂದಿದರೆ ಶಾಸನದ ಕಾಲ ಗಟ್ಟಿಯಾಯಿತು. ಹೊಂದದಿದ್ದರೆ, ಕೆತ್ತಿದವನ ತಪ್ಪೋ, ಆಮೇಲೆ ಯಾರೋ ಹುಟ್ಟಿಸಿದ ದಾಖಲೆಯೋ ಎಂದು ಮತ್ತೆ ನೋಡಬೇಕು.

ಇಂಥ ಕಲ್ಲುಗಳು ಇಂದು ಗುಡಿಯ ಪಕ್ಕದಲ್ಲಿ ಸುಣ್ಣ ಬಳಿಸಿಕೊಂಡು ನಿಂತಿವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಅಕ್ಷರ ಸವೆದರೆ ಆ ಊರಿನ ಲೆಕ್ಕವೂ ಹೋಯಿತು. ಜೀರ್ಣೋದ್ಧಾರಕ್ಕೆ ಕೈ ಹಾಕುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ, ಓದಬಲ್ಲವರಿಗೆ ತೋರಿಸಿ.

ಅನೇಕ ಶಾಸನಗಳ ನೆತ್ತಿಯಲ್ಲಿ ಸೂರ್ಯ, ಚಂದ್ರರನ್ನು ಕೆತ್ತಿರುತ್ತಾರೆ. ಅವರಿಬ್ಬರು ಇರುವವರೆಗೆ ಈ ದಾನ ನಡೆಯಲಿ ಎಂದು ಅದರ ಅರ್ಥ. ಚಂದ್ರ ಇನ್ನೂ ಇದ್ದಾನೆ. ಕಲ್ಲು ಉಳಿಸುವುದು ನಮ್ಮ ಕೈಯಲ್ಲಿದೆ.